ಕವರ್‌ನಲ್ಲಿ ಬಂದ ಐದು ಭತ್ತದ ಕಾಳು

ಮಂಗಳೂರಿನಿಂದ ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 15 ಕಿಲೋಮೀಟರ್ ಬಂದರೆ ಫರಂಗಿಪೇಟೆ ಸಿಗುತ್ತದೆ. ನೇತ್ರಾವತಿ ದಡದ ಊರು. ಧರ್ಮಸ್ಥಳಕ್ಕೋ ಬೆಂಗಳೂರಿಗೋ ಹೋಗುವ ಬಸ್ಸುಗಳು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಇಲ್ಲಿನ ಗುಡ್ಡದ ಮೇಲೆ ಮೊಂತೆ ಮರಿಯಾನೊ ಚರ್ಚ್ ಇದೆ. ಮೊಂತೆ ಅಂದರೆ ಪೋರ್ಚುಗೀಸ್‌ನಲ್ಲಿ ಬೆಟ್ಟ. ಕರಾವಳಿಯ ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್, ಅಂದರೆ ನಮ್ಮ ತೆನೆಹಬ್ಬ, 1763ರಲ್ಲಿ ಇಲ್ಲೇ ಶುರುವಾಯಿತು, ಗೋವಾದಿಂದ ಬಂದಿದ್ದ ಫಾದರ್ ಜೋಕಿಂ ಮಿರಾಂಡ ಅದನ್ನು ಆರಂಭಿಸಿದರು ಎಂದು ಹಿರಿಯರು ಹೇಳುತ್ತಾರೆ.

ಹಬ್ಬ ಸೆಪ್ಟೆಂಬರ್ 8ಕ್ಕೆ. ಅಂದು ಮಾತೆ ಮರಿಯಳ ಜನ್ಮದಿನ. ಆಗಸ್ಟ್ 30ರಿಂದಲೇ ಒಂಬತ್ತು ದಿನದ ಪ್ರಾರ್ಥನೆ ನಡೆಯುತ್ತದೆ. ಮಕ್ಕಳು ದಿನಾ ಹೂವು ತಂದು ಬಾಲ ಮರಿಯಮ್ಮನ ಮುಂದೆ ಹಾಕುತ್ತಾರೆ. ದಾಸವಾಳ, ಗೊಂಡೆ, ಅಂಗಳದಲ್ಲಿ ಏನು ಅರಳಿದೆಯೋ ಅದೇ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗಿಷ್ಟು ಅಂತ ಕೊಡುತ್ತಾರೆ. ಮಕ್ಕಳಿಗೆ ಕಬ್ಬು. ನೀವು ಆ ದಿನ ಕರಾವಳಿಯ ಯಾವ ಚರ್ಚ್‌ಗೆ ಹೋದರೂ ಇದನ್ನು ನೋಡಬಹುದು.

ಮನೆಯಲ್ಲಿ ಆ ತೆನೆಯ ಕಾಳುಗಳನ್ನು ಸುಲಿದು ಪುಡಿಮಾಡಿ ಪಾಯಸಕ್ಕೋ ತೆಂಗಿನ ಹಾಲಿಗೋ ಸೇರಿಸುತ್ತಾರೆ. ಪ್ರಾರ್ಥನೆ ಮುಗಿಸಿ ಎಲ್ಲರೂ ಮೊದಲು ಅದನ್ನೇ ತಿನ್ನಬೇಕು. ಆಮೇಲೆ ಬಾಳೆಎಲೆ ಊಟ. ಮೀನು-ಮಾಂಸ ಬಿಟ್ಟು ಇರದ ನಮ್ಮ ಮನೆಗಳಲ್ಲಿ ಅಂದು ಬರೀ ತರಕಾರಿ. ಊರಲ್ಲಿ ಇಲ್ಲದವರಿಗೂ ಪಾಲಿದೆ: ಮುಂಬೈಗೋ ಗಲ್ಫ್‌ಗೋ ಕವರ್‌ನಲ್ಲಿ ನಾಲ್ಕೈದು ಕಾಳು ಹೊರಡುತ್ತದೆ.

ಕಳೆದ ವರ್ಷ ಬೆಂಗಳೂರಿನ ನನ್ನ ರೂಮಿಗೂ ಅಂಥ ಕವರ್ ಬಂತು. ನಮ್ಮ ಟೀಮ್‌ನ ಅರ್ಧ ಜನರ ಕೆಲಸ ಹೋಗಿತ್ತು, ನನ್ನದೂ. "ಇದಕ್ಕೆ ಯಾರಿಗೆ ಥ್ಯಾಂಕ್ಸ್ ಹೇಳ್ಲಿ ಅಮ್ಮಾ?" ಅಂದೆ ಫೋನಿನಲ್ಲಿ. "ಮಳೆ ಕೈಕೊಟ್ಟ ವರ್ಷವೂ ನಿನ್ನಜ್ಜ ತೆನೆ ತಂದಿದ್ರು ಮಗಾ. ಬೆಳೆ ಚೆನ್ನಾಗಿ ಬಂದ್ರೆ ಮಾತ್ರ ದೇವರು ಒಳ್ಳೆಯವ್ರು ಅಂತ ಅಲ್ಲ" ಅಂದರು. ಐದು ಕಾಳನ್ನು ಹಾಲಿಗೆ ಹಾಕಿ ಕುಡಿದೆ.

ಆ ಮಾತು ತಲೆಯಲ್ಲೇ ಉಳಿಯಿತು. ಕೆಲಸ ಸಿಕ್ಕಿದ್ದೇ ದೇವರ ದಯೆ ಎಂದಾದರೆ, ಇನ್ನೂ ಸಿಗದವರ ಮೇಲೆ ದಯೆ ಇಲ್ಲವೇ? ಹಾಗೆ ಲೆಕ್ಕ ಹಾಕಿದರೆ ದಯೆ ಅನ್ನುವುದು ಬೋನಸ್ ಆಗಿಬಿಡುತ್ತದೆ. ಬೈಬಲಿನ 136ನೇ ಕೀರ್ತನೆಯಲ್ಲಿ 26 ವಚನಗಳಿವೆ, ಪ್ರತಿಯೊಂದರ ಕೊನೆಗೂ ದೇವರ ದಯೆಯ ಅದೇ ಮಾತು. ಕೋಡ್ ಬರೆಯುವವನ ಕಣ್ಣಿಗೆ ಅದೊಂದು ಲೂಪ್. ಸೃಷ್ಟಿ, ಬಿಡುಗಡೆ, ಯುದ್ಧ ಎಲ್ಲ ಹೇಳಿ 25ನೇ ವಚನದಲ್ಲಿ ಬರುವುದು ಎಲ್ಲ ಜೀವಿಗಳಿಗೂ ಸಿಗುವ ಆಹಾರ. ತೆನೆಹಬ್ಬ ಹೇಳುವುದೂ ಅಷ್ಟೇ. ಮನುಷ್ಯ ಮರೆಯುತ್ತಾನೆ, ಅದಕ್ಕೇ ಹೇಳಿದ್ದನ್ನೇ ಹೇಳಬೇಕು. ನೆನಪನ್ನು ಮೂಡಿಗೆ ಬಿಟ್ಟರೆ ಉಳಿಯಲ್ಲ, ಗಡಿಯಾರಕ್ಕೆ, ಊಟಕ್ಕೆ, ಕೈಗೆ ಕಟ್ಟಿಡಬೇಕು.

ಊರಿನ ರೂಢಿಗಳಲ್ಲಿ ಪಟ್ಟಣಕ್ಕೂ ಹೊಂದುವ ನಾಲ್ಕನ್ನು ನಾನು ಇಟ್ಟುಕೊಂಡಿದ್ದೇನೆ:

ಗಂಟೆ: ಊರ ಚರ್ಚ್‌ನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪ್ರಾರ್ಥನೆಯ ಗಂಟೆ ಹೊಡೆಯುತ್ತದೆ. ಆಫೀಸಿನಲ್ಲಿ 12ಕ್ಕೆ ಮೊಬೈಲ್ ವೈಬ್ರೇಟ್ ಆಗುತ್ತದೆ. ಒಂದು ನಿಮಿಷ ಸಾಕು, ಮೀಟಿಂಗ್‌ನಲ್ಲೇ ಇದ್ದರೂ ಮನಸ್ಸಿನಲ್ಲಿ ಹೇಳಿಕೊಳ್ಳಬಹುದು.

ಮೊದಲ ತುತ್ತು: ಸ್ವಿಗ್ಗಿಯ ಡಬ್ಬಿಯಾದರೂ ಸರಿ. ಮೊದಲ ತುತ್ತಿನ ಮುಂಚೆ ಫೋನ್ ಕೆಳಗಿಟ್ಟು, ಬೆಳೆದವರನ್ನೂ ಅಡುಗೆ ಮಾಡಿದವರನ್ನೂ ತಂದುಕೊಟ್ಟವರನ್ನೂ ದೇವರ ಮುಂದೆ ನೆನೆಯುವುದು.

ಬೆಸಾಂವ್: ಸಂಜೆ ಜಪಸರ ಮುಗಿದ ಮೇಲೆ ಕಿರಿಯರು ಹಿರಿಯರ ಆಶೀರ್ವಾದ ಕೇಳುವುದು ನಮ್ಮ ಪದ್ಧತಿ. ಈಗ ರಾತ್ರಿಯ ಫೋನ್ ಕಾಲ್ ಅದರಿಂದಲೇ ಮುಗಿಯುತ್ತದೆ. ಬೇಜಾರಾಗಿ ಮಾತು ನಿಂತ ದಿನವೂ ಅದೊಂದನ್ನು ಕೇಳದೆ ಇಡುವಂತಿಲ್ಲ.

ಕವರ್: ಸಿಕ್ಕಿದ್ದನ್ನು ದೂರದವರಿಗೂ ಮುಟ್ಟಿಸುವುದು. ಕೆಲಸ ಹುಡುಕುವವರ ಮೆಸೇಜುಗಳಿಗೆ ನಾನು ಶುಕ್ರವಾರ ಸಂಜೆ ಕೂತು ಉತ್ತರಿಸುತ್ತೇನೆ. ರೆಫರಲ್ ಕೊಡಲು ಎಲ್ಲ ಸಲ ಆಗುವುದಿಲ್ಲ. ಆದರೆ ಉತ್ತರವೇ ಬರದ ತಿಂಗಳುಗಳು ಹೇಗಿರುತ್ತವೆ ಅಂತ ಗೊತ್ತಿದೆಯಲ್ಲ.

ಸೆಪ್ಟೆಂಬರ್ ಮೊದಲ ವಾರ ಆ ದಾರಿಯಲ್ಲಿ ಹೋಗುವುದಿದ್ದರೆ ಫರಂಗಿಪೇಟೆಯಲ್ಲಿ ಇಳಿಯಿರಿ. ಗುಡ್ಡ ಹತ್ತಲು ಹೆಚ್ಚು ಹೊತ್ತು ಬೇಡ. ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಕೊಡೆ ಇರಲಿ. ಕೈಯಲ್ಲಿ ನಾಲ್ಕು ಹೂವಿದ್ದರೆ ಇನ್ನೂ ಒಳ್ಳೆಯದು.