ಈ ಚಿಪ್ ಮಾಡಿದವರು ಯಾರು?

ಇಂಟೆಲ್ 4004. 1971ರ ನವೆಂಬರ್‌ನಲ್ಲಿ ಮಾರಾಟಕ್ಕೆ ಬಂದ ಮೈಕ್ರೊಪ್ರೊಸೆಸರ್. ಒಳಗೆ ಸುಮಾರು 2,300 ಟ್ರಾನ್ಸಿಸ್ಟರ್. ಹಿಗ್ಗಿಸಿದ ಫೋಟೊದ ಅಂಚಿನಲ್ಲಿ ‘ಎಫ್.ಎಫ್.’ ಎಂಬ ಪುಟ್ಟ ಅಕ್ಷರಗಳು ಕಾಣುತ್ತವೆ. ಚಿಪ್ಪನ್ನು ವಿನ್ಯಾಸ ಮಾಡಿದ ಫೆಡೆರಿಕೊ ಫಜ್ಜಿನ್, ಕಲಾವಿದರು ಚಿತ್ರದ ಮೂಲೆಗೆ ಹಾಕುವಂತೆ ಸಿಲಿಕಾನ್ ಮೇಲೆಯೇ ಹಾಕಿದ ಸಹಿ ಅದು.

ಆದರೆ ಆ ಚಿಪ್‌ನ ಮೂಲ ರಚನೆಯನ್ನು ಯೋಚಿಸಿದ್ದು ಟೆಡ್ ಹಾಫ್ ಮತ್ತು ಸ್ಟ್ಯಾನ್ಲಿ ಮೇಜರ್. ಲಾಜಿಕ್ ವಿನ್ಯಾಸಕ್ಕೆ ಕೈಜೋಡಿಸಿದ್ದು ಮಸಾತೊಶಿ ಶಿಮಾ. ಶಿಮಾ ಆಗ ಇಂಟೆಲ್‌ನವರೇ ಅಲ್ಲ. ಆರ್ಡರ್ ಕೊಟ್ಟಿದ್ದ ಜಪಾನಿನ ಕ್ಯಾಲ್ಕ್ಯುಲೇಟರ್ ಕಂಪನಿ ಬ್ಯುಸಿಕಾಂನವರು. ಚಿಪ್‌ನ ಹಕ್ಕೂ ಮೊದಲು ಬ್ಯುಸಿಕಾಂ ಬಳಿಯೇ ಇತ್ತು. 60,000 ಡಾಲರ್ ಹಿಂದಿರುಗಿಸಿ, ಬೇರೆಯವರಿಗೂ ಮಾರುವ ಹಕ್ಕನ್ನು ಇಂಟೆಲ್ ಪಡೆದುಕೊಂಡಿತು. ಇಷ್ಟು ಜನರ ಕೆಲಸಕ್ಕೆ ಒಂದೇ ಕಂಪನಿಯ ಹೆಸರು ಹೇಗೆ ಸಾಲುತ್ತದೆ?

•

ಫಜ್ಜಿನ್ 1974ರಲ್ಲಿ ಇಂಟೆಲ್ ಬಿಟ್ಟು ಜಿಲಾಗ್ ಕಟ್ಟಿದರು. ಶಿಮಾ ಕೂಡ ಅಲ್ಲಿಗೆ ಬಂದರು. 1976ರಲ್ಲಿ ಜಿಲಾಗ್‌ನ ಝಡ್80 ಬಂತು. ಇಂಟೆಲ್ 8080ಗೆ ಬರೆದ ಪ್ರೋಗ್ರಾಂಗಳು ಅದರಲ್ಲೂ ಓಡುತ್ತಿದ್ದವು. 8080 ಹಿಂದೆ ಇದ್ದವರೂ ಇವರೇ. ಇದನ್ನು ಪೈಪೋಟಿ ಅನ್ನಬೇಕೋ, ಅದೇ ಕೆಲಸದ ಮುಂದುವರಿಕೆ ಅನ್ನಬೇಕೋ?

•

1985ರ ಏಪ್ರಿಲ್, ಇಂಗ್ಲೆಂಡಿನ ಕೇಂಬ್ರಿಜ್. ಏಕಾರ್ನ್ ಕಂಪನಿಗಾಗಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಆರ್ಮ್ ಚಿಪ್ ಕೈಗೆ ಬಂದಿದೆ. ಎಷ್ಟು ಕರೆಂಟ್ ಎಳೆಯುತ್ತದೆಂದು ಫರ್ಬರ್ ಮೀಟರ್ ಹಿಡಿದರೆ ಮುಳ್ಳು ಸೊನ್ನೆಯಲ್ಲೇ ಇದೆ. ಚಿಪ್ ಮಾತ್ರ ಕೆಲಸ ಮಾಡುತ್ತಿದೆ! ಹುಡುಕಿದಾಗ, ಬೋರ್ಡಿನಿಂದ ಚಿಪ್‌ಗೆ ವಿದ್ಯುತ್ತಿನ ಸಂಪರ್ಕವೇ ಇರಲಿಲ್ಲವೆಂದು ತಿಳಿಯಿತು. ಸಿಗ್ನಲ್ ತಂತಿಗಳಿಂದ ಸೋರಿ ಬಂದಷ್ಟು ವಿದ್ಯುತ್ತೇ ಅದಕ್ಕೆ ಸಾಕಾಗಿತ್ತು. ಅಗ್ಗದ ಪ್ಲಾಸ್ಟಿಕ್ ಕವಚ ಬಿಸಿ ತಡೆಯಬೇಕಲ್ಲ ಎಂದು ಕೈಹಿಡಿತದಿಂದ ವಿನ್ಯಾಸ ಮಾಡಿದ್ದರ ಫಲ ಇದು. ಮುಂದೆ ಇದೇ ಮಿತವ್ಯಯ ಬ್ಯಾಟರಿಯಲ್ಲಿ ನಡೆಯುವ ಮೊಬೈಲ್‌ಗಳಿಗೆ ವರವಾಯಿತು.

ಆ ಚಿಪ್ಪನ್ನು ತಯಾರಿಸಿಕೊಟ್ಟಿದ್ದು ವಿಎಲ್‌ಎಸ್‌ಐ ಟೆಕ್ನಾಲಜಿ ಎಂಬ ಅಮೆರಿಕದ ಕಂಪನಿ. 1990ರಲ್ಲಿ ಏಕಾರ್ನ್, ಆಪಲ್, ವಿಎಲ್‌ಎಸ್‌ಐ ಸೇರಿ ಆರ್ಮ್ ಅನ್ನು ಪ್ರತ್ಯೇಕ ಕಂಪನಿ ಮಾಡಿದವು. ಅದು ಬೆಳೆದದ್ದು ಚಿಪ್ ಮಾರಿ ಅಲ್ಲ, ವಿನ್ಯಾಸದ ಲೈಸೆನ್ಸ್ ಮಾರಿ.

•

ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರಿನ ಚಿಪ್‌ಗೆ ಎರಡನೇ ಪೂರೈಕೆದಾರರು ಬೇಕೆಂದಿತು. ಹಾಗಾಗಿ 1982ರಲ್ಲಿ ಇಂಟೆಲ್ ತನ್ನ ವಿನ್ಯಾಸವನ್ನು ಎಎಂಡಿಗೆ ಕೊಟ್ಟಿತು. 2003ರಲ್ಲಿ ಎಎಂಡಿ ಆ ಪರಂಪರೆಯ ಆಜ್ಞಾಪಟ್ಟಿಯನ್ನು, ಅಂದರೆ ಚಿಪ್‌ಗೆ ಅರ್ಥವಾಗುವ ಆಜ್ಞೆಗಳನ್ನು, 64 ಬಿಟ್‌ಗೆ ವಿಸ್ತರಿಸಿತು. ಮರುವರ್ಷ ಇಂಟೆಲ್ ಅದನ್ನೇ ಅಳವಡಿಸಿಕೊಂಡಿತು. ಇಂದು ‘ಇಂಟೆಲ್’ ಎಂದು ಬರೆದ ಲ್ಯಾಪ್‌ಟಾಪಿನಲ್ಲೂ ಎಎಂಡಿ ರೂಪಿಸಿದ ಆಜ್ಞೆಗಳು ಓಡುತ್ತಿವೆ.

•

2008ರ ಇಂಟೆಲ್ ಝಿಯಾನ್ 7400. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ವಿನ್ಯಾಸವಾದದ್ದು ಬೆಂಗಳೂರಿನಲ್ಲಿ, ತಯಾರಾದದ್ದು ಹೊರದೇಶದಲ್ಲಿ. ನಮ್ಮ ಊರಿನಲ್ಲೇ ಇಷ್ಟು ದೊಡ್ಡ ಕೆಲಸ ಆದದ್ದು ಎಷ್ಟು ಕನ್ನಡಿಗರಿಗೆ ಗೊತ್ತು?

•

ಐಐಟಿ ಮದ್ರಾಸಿನ ‘ಶಕ್ತಿ’ ಪ್ರೊಸೆಸರ್. ಅದರ ಆಜ್ಞಾಪಟ್ಟಿ ‘ರಿಸ್ಕ್-ಫೈವ್’ ಅಮೆರಿಕದ ಬರ್ಕ್‌ಲಿಯಲ್ಲಿ ಹುಟ್ಟಿದ್ದು, ಯಾರು ಬೇಕಾದರೂ ಬಳಸಬಹುದು. ವಿನ್ಯಾಸ ಚೆನ್ನೈಯದು. 2018ರಲ್ಲಿ ಒಂದು ಚಿಪ್ ಇಂಟೆಲ್‌ನ ಅಮೆರಿಕದ ಕಾರ್ಖಾನೆಯಲ್ಲಿ ಆಯಿತು, ಇನ್ನೊಂದು ನಮ್ಮದೇ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ.

ಈಗ ಅನ್ನಿಸುತ್ತಿರುವುದು: ‘ಯಾರು ಮಾಡಿದರು’ ಎಂಬುದರಲ್ಲಿ ಮೂರು ಪ್ರಶ್ನೆಗಳಿವೆ. ಆಜ್ಞೆಗಳನ್ನು ರೂಪಿಸಿದವರು ಯಾರು? ವಿನ್ಯಾಸ ಯಾರದು? ಸಿಲಿಕಾನ್‌ಗೆ ಇಳಿಸಿದವರು ಯಾರು? ‘ದೇಶೀ ಚಿಪ್’ ಎಂಬ ಸುದ್ದಿ ಓದುವಾಗಲೆಲ್ಲ ಈ ಮೂರನ್ನೂ ಕೇಳಬೇಕು. ನಾವು ಯಾವುದನ್ನು ಕಲಿತಿದ್ದೇವೆ, ಯಾವುದನ್ನು ಇನ್ನೂ ಕಲಿಯಬೇಕು ಎಂಬುದು ಆಗಲೇ ಗೊತ್ತಾಗುವುದು.