ಅಮ್ಮನಿಗಿಲ್ಲದ ಎರಡನೇ ಓಟು

೨೦೨೪ರ ಜೂನ್. ನೈಋತ್ಯ ಪದವೀಧರ ಕ್ಷೇತ್ರದ ಓಟು ಹಾಕೋಕೆ ಹೊರಟಿದ್ದೆ. ಮಳೆಗಾಲಕ್ಕೆ ಸೌದೆ ಒಟ್ಟುತ್ತಿದ್ದ ಅಮ್ಮ, "ಹೋದ ತಿಂಗಳು ಹಾಕಿ ಬಂದ್ವಲ್ಲೋ, ಮತ್ತೆಂಥ ಓಟು?" ಅಂದಳು.

"ಇದು ವಿಧಾನ ಪರಿಷತ್ತಿಗೆ ಅಮ್ಮಾ. ಡಿಗ್ರಿ ಮಾಡಿದವರಿಗೆ ಮಾತ್ರ."

"ಹಂಗಾದ್ರೆ ನಂಗಿಲ್ವಾ?"

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಏನು ಹೇಳಲಿ? ನಮ್ಮ ಪರಿಷತ್ತಿನಲ್ಲಿ ೭೫ ಜನ. ೨೫ ಮಂದಿಯನ್ನು ಶಾಸಕರು ಆರಿಸುತ್ತಾರೆ, ೨೫ ಮಂದಿಯನ್ನು ಪಂಚಾಯ್ತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು. ಪದವೀಧರರು ೭, ಶಿಕ್ಷಕರು ೭. ಉಳಿದ ೧೧ ಮಂದಿ ನಾಮಕರಣದವರು. "ನೀನು ಗೆಲ್ಲಿಸಿದ ಪಂಚಾಯ್ತಿ ಮೆಂಬರು ಓಟು ಹಾಕ್ತಾನಲ್ಲ" ಅಂದೆ.

"ಯಾರಿಗೆ ಹಾಕ್ದ ಅಂತ ನಂಗೆ ಹೇಳ್ತಾನಾ?" ಅಂದು ಮತ್ತೆ ಸೌದೆಗೆ ಕೈಹಾಕಿದಳು.

ಮತಗಟ್ಟೆಯಲ್ಲಿ ಯಂತ್ರ ಇರಲಿಲ್ಲ. ಕೊಟ್ಟ ನೇರಳೆ ಪೆನ್ನಿನಲ್ಲಿ ಹೆಸರುಗಳ ಮುಂದೆ ೧, ೨, ೩ ಅಂತ ಬರೆದು ಬಂದೆ. ಆದರೆ ಅಮ್ಮನ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು.

ಮೇಲ್ಮನೆ ಬೇಡ ಅಂತ ನಾನು ಹೇಳಲಾರೆ. ಕೆಳಮನೆ ಅವಸರದಲ್ಲಿ ಮಾಡಿದ್ದನ್ನು ಇನ್ನೊಮ್ಮೆ ನೋಡುವವರು ಬೇಕು. ೨೦೨೪ರ ಫೆಬ್ರುವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದುಹೋಯಿತು. ಕೆಲವೇ ದಿನಗಳಲ್ಲಿ ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿತು. ಹಾಗೆ ಎರಡನೇ ಸಲ ಬಂದದ್ದನ್ನು ಪರಿಷತ್ತು ಒಂದು ತಿಂಗಳಿಗಿಂತ ಹೆಚ್ಚು ತಡೆಯುವಂತಿಲ್ಲ. ಹಣಕಾಸು ಮಸೂದೆಯಾದರೆ ಹದಿನಾಲ್ಕೇ ದಿನ. ಅಂದರೆ ಅದರ ಕೆಲಸ ತಡೆಯೋದಲ್ಲ, "ಸ್ವಲ್ಪ ನಿಲ್ಲಿ" ಅನ್ನೋದು. ಅಷ್ಟಕ್ಕೂ ಬೆಲೆಯಿದೆ. ತಮಿಳುನಾಡಿನಲ್ಲಿ ೧೯೮೬ರಲ್ಲಿ ಮೇಲ್ಮನೆಯೇ ರದ್ದಾಯಿತು; ಆಂಧ್ರದಲ್ಲಿ ೧೯೮೫ರಲ್ಲಿ ಹೋಗಿದ್ದು ೨೦೦೭ರಲ್ಲಿ ವಾಪಸ್ಸು ಬಂತು. ಈಗ ಆರೇ ರಾಜ್ಯಗಳಲ್ಲಿ ಉಳಿದಿದೆ.

ನನ್ನ ತಕರಾರು ಆ ೭ ಸೀಟುಗಳ ಬಗ್ಗೆ. ಓದಿದವರು ವಿರಳವಾಗಿದ್ದ ಕಾಲದಲ್ಲಿ ಅವರ ಮಾತು ಬೇಕು ಅನ್ನಿಸಿದ್ದು ಸರಿಯೇ ಇರಬಹುದು. ಆದರೆ ನಮ್ಮೂರ ಗ್ರಾಮಸಭೆಯಲ್ಲಿ ಎದ್ದು ನಿಂತು ನೀರಿನ ಟ್ಯಾಂಕಿನ ಲೆಕ್ಕ ಕೇಳಿದವಳು ಅಮ್ಮ. ಡಿಗ್ರಿ ಇರೋ ನಾನು ಆ ಸಭೆಗೆ ಒಂದು ಸಲವೂ ಹೋದವನಲ್ಲ!

ಪದವೀಧರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಮುಂದಿನ ಸಲ ಅರ್ಜಿ ತುಂಬುತ್ತೀನೋ ಇಲ್ಲವೋ ಗೊತ್ತಿಲ್ಲ. ಅದಕ್ಕೂ ಮೊದಲು ಒಂದು ಗ್ರಾಮಸಭೆಗಾದರೂ ಅಮ್ಮನ ಜೊತೆ ಹೋಗಬೇಕು ಅಂದುಕೊಂಡಿದ್ದೀನಿ.

ನೀವು ಹೆಸರು ಬರೆಸಿದ್ದೀರಾ? ಮನೆಯಲ್ಲಿ ಯಾರಾದರೂ "ನಂಗಿಲ್ವಾ?" ಅಂತ ಕೇಳಿದರೆ ಏನು ಹೇಳ್ತೀರಿ?