ಯಾವೂರಾಯ್ತು ನಿಮ್ಮದು?

ಶಿವಮೊಗ್ಗದ ಅಡಿಕೆ ಮಂಡಿಗೆ ಬಂದವರು ಬಾಗಿಲಲ್ಲೇ ರೇಟು ಕೇಳಿದರೆ, ಪರಸ್ಥಳದವರೆಂದು ಗುಮಾಸ್ತನಿಗೂ ತಿಳಿದುಹೋಗುತ್ತದೆ. ಮಾತು ಶುರುವಾಗುವ ಜಾಗವೇ ಬೇರೆ. ಯಾವೂರಾಯ್ತು? ತೀರ್ಥಹಳ್ಳಿ ಕಡೆಯೋ ಹೊಸನಗರವೋ? ಈ ಸಲ ಕೊಳೆರೋಗ ಎಷ್ಟು ತಿಂತು? ಮಗಳ ಮದುವೆ ಎಲ್ಲಿಗೆ ಬಂತು? ರಾಶಿ ಇಡಿಯೋ, ಬೆಟ್ಟೆಯೋ, ಗೊರಬಲೋ ಎಂಬ ವಿಚಾರ ಬರುವುದು ಕಾಫಿ ಲೋಟ ಖಾಲಿಯಾದ ಮೇಲೆ.

ಕೆಲಸವಿಲ್ಲದ ಮಾತು ಅಂತೀರಾ? ಅಲ್ಲ ಸ್ವಾಮಿ. ಔಷಧಿ ಹೊಡೆಸುವುದಕ್ಕೂ ಮದುವೆ ಖರ್ಚಿಗೂ ಕೊನೆಕೊಯ್ಲಿಗೆ ಮುಂಚೆಯೇ ಮುಂಗಡ ಕೊಡುವವರು ಇದೇ ಮಂಡಿಯ ಸಾಹುಕಾರರು. ಬ್ಯಾಂಕಿನವರು ಹತ್ತು ಕಾಗದ ತರಿಸಿ ಅರಿಯುವುದನ್ನು ಇವರು ಕಾಫಿ ಆರುವುದರೊಳಗೆ ಅರಿಯುತ್ತಾರೆ. ಆಮೇಲೆ ಆ ರೈತ ಬೇರೆ ಮಂಡಿಗೆ ಅಡಿಕೆ ಹಾಕಬೇಕೆಂದರೂ ದಾಕ್ಷಿಣ್ಯ ಬಿಡುವುದಿಲ್ಲ. ದಾಕ್ಷಿಣ್ಯಕ್ಕೂ ಬಡ್ಡಿ ಬೆಳೆಯುತ್ತದೆ, ಅದು ಬೇರೆ ಮಾತು.

ಹಾಲೆಂಡಿನ ಗೀರ್ಟ್ ಹಾಫ್‌ಸ್ಟೆಡ್ ಎಂಬ ಪಂಡಿತರು ಒಂದೊಂದು ದೇಶದ ಜನರ ಇಂಥ ರೀತಿನೀತಿಗಳನ್ನೇ ಅಳೆಯಲು ಹೊರಟರು. 1967ರಿಂದ 1973ರ ನಡುವೆ ನಾನಾ ದೇಶಗಳ ಐಬಿಎಂ ನೌಕರರಿಂದ ತುಂಬಿಸಿದ ಪ್ರಶ್ನಾವಳಿಗಳು ಲಕ್ಷಕ್ಕೂ ಮಿಕ್ಕಿದ್ದವು. ಮೇಲಿನವರಿಗೆ ಎದುರಾಡಲು ನೌಕರರು ಹೆದರುತ್ತಾರೆಯೇ ಎಂಬುದೂ ಅದರಲ್ಲೊಂದು ಪ್ರಶ್ನೆ. 1980ರಲ್ಲಿ ಪುಸ್ತಕ ಬಂತು, ಒಂದೊಂದು ದೇಶಕ್ಕೂ ಅಂಕಗಳು ಬಿದ್ದವು. ಮೇಲು-ಕೆಳಗಿನ ಅಂತರದಲ್ಲಿ ನಮಗೆ ಒಳ್ಳೆಯ ಮಾರ್ಕ್ಸೇ ಸಿಕ್ಕಿದೆ. ಅದಕ್ಕೆ ಹಾಲೆಂಡಿನಿಂದ ಬರಬೇಕಿತ್ತೇ? ಯಾವುದಾದರೂ ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದರೆ ಸಾಕಿತ್ತು.

ಆದರೆ ಆ ಅಂಕಗಳನ್ನು ಹಿಡಿದು ಭದ್ರಾವತಿಗೆ ಹೋದರೆ ಲೆಕ್ಕ ತಪ್ಪುತ್ತದೆ. ಹಿಂದೆ ಬೆಂಕಿಪುರ ಎನ್ನಿಸಿಕೊಂಡಿದ್ದ ಊರು ಅದು. ಅಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು, ಸಲಹೆ ನ್ಯೂಯಾರ್ಕಿನ ಪೆರಿನ್ ಕಂಪನಿಯದು. ಟಾಟಾದವರ ಉಕ್ಕಿನ ಕಾರ್ಖಾನೆಗೂ ದಾರಿ ತೋರಿಸಿದವರು ಇದೇ ಪೆರಿನ್. ಅದೇ ವರ್ಷ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದರು. ಅಲ್ಲಿದ್ದ ಅಮೆರಿಕದವರು ಹೋಗಿ ನಮ್ಮವರು ಆ ಜಾಗಕ್ಕೆ ಬಂದದ್ದು ಅವರ ಕಾಲದಲ್ಲೇ. ನಮ್ಮವರೇ ಬಂದರಲ್ಲ, ಇನ್ನು ಸ್ವಲ್ಪ ಆರಾಮ ಅಂದುಕೊಂಡವರಿದ್ದರೆ ಅವರ ಪಾಡು ನೆನೆಸಿಕೊಳ್ಳಿ! ಗಡಿಯಾರದ ವಿಷಯದಲ್ಲಿ ಮುದ್ದೇನಹಳ್ಳಿಯ ಈ ಮನುಷ್ಯನ ಮುಂದೆ ಯಾವ ಅಮೆರಿಕದವನು ನಿಂತಾನು? ಇವರನ್ನು ಹಾಫ್‌ಸ್ಟೆಡ್ ಯಾವ ದೇಶದ ಕಾಲಮ್ಮಿಗೆ ಸೇರಿಸುತ್ತಿದ್ದರು?

ಅದೇ ಭದ್ರಾವತಿಯಲ್ಲಿ ಆಯುಧಪೂಜೆ ಬಂತೆಂದರೆ ಯಂತ್ರಕ್ಕೆ ಕುಂಕುಮ, ಬಾಗಿಲಿಗೆ ಬೂದುಗುಂಬಳ. ತಮಿಳಿನವರು, ತೆಲುಗಿನವರು, ಕನ್ನಡದವರು ಎಲ್ಲರಿಗೂ ಚರುಪು. ಆ ಒಂದು ದಿನ ಮೇಲು-ಕೆಳಗಿನ ಅಂತರ ಅಳೆಯಲು ಯಾವ ಪಂಡಿತರೂ ಬಂದಂತಿಲ್ಲ.

ಅಂದಹಾಗೆ, ವಿಶ್ವೇಶ್ವರಯ್ಯನವರು 1929ರವರೆಗೆ ಕಾರ್ಖಾನೆ ನೋಡಿಕೊಂಡರು, ಸಂಬಳ ಮುಟ್ಟಲಿಲ್ಲ. ಅವರಿಗೆ ಸಲ್ಲಬೇಕಿದ್ದ ಆ ಹಣದಿಂದ ಬೆಂಗಳೂರಿನಲ್ಲಿ ಹುಡುಗರು ಕಸುಬು ಕಲಿಯುವ ಶಾಲೆಯಾಯಿತು. ಅದಕ್ಕೆ ತಮ್ಮ ಹೆಸರು ಬೇಡವೆಂದು ಮಹಾರಾಜ ಜಯಚಾಮರಾಜೇಂದ್ರರ ಹೆಸರಿಡಿಸಿದರು.